ಭಾರತದಲ್ಲಿ ಹಾಟ್ ಹ್ಯಾಚ್ ಕಾರುಗಳು

ಹಾಟ್ ಹ್ಯಾಚ್ ಎಂಬುದು ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರಿನ ಹೊರಕವಚವನ್ನು ಉಳಿಸಿಕೊಂಡು, ಹೆಚ್ಚು ಶಕ್ತಿಯ ಎಂಜಿನ್, ಬಿಗಿಯಾದ ಸಸ್ಪೆನ್ಷನ್ ಮತ್ತು ಉತ್ತಮ ಬ್ರೇಕ್‌ಗಳನ್ನು ಅಳವಡಿಸಿದ ಕಾರುಗಳಿಗೆ ರೂಢಿಯಲ್ಲಿರುವ ಹೆಸರು. ದಿನವೂ ಕಚೇರಿಗೆ ಒಯ್ಯುವ ಕಾರೇ ಘಟ್ಟದ ತಿರುವುಗಳಲ್ಲಿ ಚಾಲನೆಯ ಸಂತೋಷವನ್ನೂ ನೀಡಬೇಕೆಂಬುದು ಇದರ ಉದ್ದೇಶ. ಸ್ಪೋರ್ಟ್ಸ್ ಕಾರಿಗಿಂತ ಕಡಿಮೆ ಬೆಲೆ ಇದರ ಮುಖ್ಯ ಆಕರ್ಷಣೆ. ಭಾರತದಲ್ಲಿ ಈ ಬಗೆಯ ಕಾರುಗಳ ಸ್ವರೂಪವನ್ನು ನಿರ್ಧರಿಸುವಲ್ಲಿ ಎಂಜಿನಿಯರುಗಳಷ್ಟೇ ಪಾತ್ರ ತೆರಿಗೆ ನಿಯಮಗಳಿಗೂ ಇದೆ.

ಹಿನ್ನೆಲೆ

1961ರ ಮಿನಿ ಕೂಪರ್ ಚಿಕ್ಕ ಕಾರೂ ಚುರುಕಾಗಿರಬಲ್ಲದೆಂದು ತೋರಿಸಿತು. ಆದರೆ ಹಾಟ್ ಹ್ಯಾಚ್ ಎಂಬ ವರ್ಗಕ್ಕೆ ಮಾದರಿಯಾದದ್ದು 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. ಅದರ 1.6 ಲೀಟರ್ ಎಂಜಿನ್ 110 ಅಶ್ವಶಕ್ತಿ ನೀಡುತ್ತಿತ್ತು. ಕಾರಿನ ತೂಕ ಸುಮಾರು 810 ಕೆ.ಜಿ. ಮಾತ್ರ. ಮೊದಲು 5,000 ಕಾರುಗಳನ್ನಷ್ಟೇ ತಯಾರಿಸುವ ಯೋಜನೆಯಿತ್ತು; ಮೊದಲ ಪೀಳಿಗೆಯಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾದವು. 1984ರ ಪ್ಯೂಜೋ 205 ಜಿಟಿಐ ಇದೇ ಹಾದಿಯಲ್ಲಿ ಬಂದ ಇನ್ನೊಂದು ಪ್ರಸಿದ್ಧ ಕಾರು.

ತೆರಿಗೆ ಮಿತಿಯ ಪ್ರಭಾವ

2006ರ ಕೇಂದ್ರ ಬಜೆಟ್ ಚಿಕ್ಕ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿತು. ಈ ರಿಯಾಯಿತಿ ಪಡೆಯಲು ಕಾರಿನ ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1,200 ಸಿ.ಸಿ. ದಾಟಬಾರದು. ಉದ್ದದ ಮಿತಿಯಿಂದ ಹ್ಯಾಚ್‌ಬ್ಯಾಕ್‌ಗಳಿಗೆ ತೊಂದರೆಯಾಗಲಿಲ್ಲ. ಎಂಜಿನ್ನಿನ ಮಿತಿ ಮಾತ್ರ ನೇರವಾಗಿ ಚಾಲನಾಸಕ್ತರ ಕಾರುಗಳನ್ನು ತಟ್ಟಿತು. 2001ರಲ್ಲಿ ಬಂದಿದ್ದ ಫಿಯೆಟ್ ಪಾಲಿಯೋ ಜಿಟಿಎಕ್ಸ್ 1.6 ಲೀಟರ್ ಎಂಜಿನ್ನಿನಿಂದ 100 ಅಶ್ವಶಕ್ತಿ ಪಡೆಯುತ್ತಿತ್ತು. ಹೊಸ ನಿಯಮದ ನಂತರ ಅಂಥ ದೊಡ್ಡ ಎಂಜಿನ್ನನ್ನು ಅಗ್ಗದ ಕಾರಿನಲ್ಲಿ ಇಡುವುದು ಲಾಭದಾಯಕವಾಗಿ ಉಳಿಯಲಿಲ್ಲ.

ಇದಕ್ಕೆ ತಯಾರಕರು ಕಂಡುಕೊಂಡ ಪರಿಹಾರ ಟರ್ಬೋಚಾರ್ಜರ್. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ವೇಗದಿಂದ ಒಂದು ಚಕ್ರ ತಿರುಗುತ್ತದೆ. ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿನೊಳಗೆ ತಳ್ಳುತ್ತದೆ. ಹೆಚ್ಚು ಗಾಳಿ ಸಿಕ್ಕಾಗ ಹೆಚ್ಚು ಇಂಧನವನ್ನೂ ಉರಿಸಬಹುದಾದ್ದರಿಂದ ಚಿಕ್ಕ ಎಂಜಿನ್ ದೊಡ್ಡದರಂತೆ ಕೆಲಸ ಮಾಡುತ್ತದೆ. ಆಕ್ಸಿಲರೇಟರ್ ಒತ್ತಿದ ಮೇಲೆ ಒತ್ತಡ ಏರಲು ತಗಲುವ ಅಲ್ಪ ವಿಳಂಬ ಇದರ ದೋಷ. ಪಾಲಿಯೋದಂಥ ಟರ್ಬೋರಹಿತ ಎಂಜಿನ್ನಿನಲ್ಲಿ ಈ ವಿಳಂಬವಿರಲಿಲ್ಲ.

ಕೆಲವು ಕಾರುಗಳ ಹೋಲಿಕೆ

2013ರ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ 1,197 ಸಿ.ಸಿ. ಟರ್ಬೋ ಎಂಜಿನ್ನಿನಿಂದ 105 ಅಶ್ವಶಕ್ತಿ ಮತ್ತು 175 ನ್ಯೂಟನ್ ಮೀಟರ್ ಟಾರ್ಕ್ ನೀಡುತ್ತಿತ್ತು. ಮಿತಿಗೆ ಕೇವಲ 3 ಸಿ.ಸಿ. ಬಾಕಿ! ಏಳು ಗೇರುಗಳ ಎರಡು ಕ್ಲಚ್ಚಿನ ಸ್ವಯಂಚಾಲಿತ ಗೇರ್‌ಬಾಕ್ಸ್ ಇದರ ವಿಶೇಷ. ಒಂದು ಕ್ಲಚ್ ಈಗಿನ ಗೇರನ್ನು ಹಿಡಿದಿರುವಾಗಲೇ ಇನ್ನೊಂದು ಮುಂದಿನದನ್ನು ಸಿದ್ಧವಾಗಿಡುವುದರಿಂದ ಗೇರ್ ಬದಲಾವಣೆ ಬಹಳ ವೇಗವಾಗಿ ಆಗುತ್ತದೆ.

2015ರ ಅಬಾರ್ತ್ ಪುಂಟೋ ಮಿತಿಯನ್ನು ಲೆಕ್ಕಿಸದ ಅಪವಾದ. 1.4 ಲೀಟರ್ ಟರ್ಬೋ ಎಂಜಿನ್, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್ ಮತ್ತು ನಾಲ್ಕೂ ಗಾಲಿಗಳಿಗೆ ಡಿಸ್ಕ್ ಬ್ರೇಕ್ ಹೊಂದಿದ್ದ ಇದರ ಆರಂಭಿಕ ಬೆಲೆ ಹತ್ತು ಲಕ್ಷ ರೂಪಾಯಿಗಿಂತ ತುಸು ಕಡಿಮೆಯಿತ್ತು. ಬೆಲೆಗೆ ಸಿಗುವ ಶಕ್ತಿಯನ್ನೇ ಅಳತೆಯಾಗಿಟ್ಟುಕೊಂಡರೆ ಇಲ್ಲಿ ಹೆಸರಿಸಿದ ಕಾರುಗಳಲ್ಲಿ ಇದಕ್ಕೆ ಸಮನಾದವು ವಿರಳ.

ಮಾರುತಿ ಸುಜುಕಿಯ ಬಲೆನೋ ಆರ್‌ಎಸ್ (2017) ಬೇರೆ ದಾರಿ ಹಿಡಿಯಿತು. ಅದರ 1.0 ಲೀಟರ್ ಟರ್ಬೋ ಎಂಜಿನ್ನಿನ ಶಕ್ತಿ 102 ಅಶ್ವಶಕ್ತಿಯಷ್ಟೇ. ಆದರೆ ತೂಕ 950 ಕೆ.ಜಿ. ಹಗುರವಾದ ಕಾರು ಬೇಗ ವೇಗ ಪಡೆಯುತ್ತದೆ, ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಟೈರುಗಳ ಮೇಲೆ ಕಡಿಮೆ ಭಾರ ಹೇರುತ್ತದೆ. ಹೀಗಿದ್ದೂ ಪ್ರತಿ ಟನ್ನಿಗೆ ಇದರ ಶಕ್ತಿ ಸುಮಾರು 107 ಅಶ್ವಶಕ್ತಿ. ನಾಲ್ಕು ದಶಕ ಹಳೆಯ ಗಾಲ್ಫ್ ಜಿಟಿಐಯದು ಸುಮಾರು 136. ಆಗಿನ ಕಾರುಗಳಲ್ಲಿ ಏರ್‌ಬ್ಯಾಗ್‌ನಂಥ ಸುರಕ್ಷತಾ ಸಾಧನಗಳ ಭಾರವಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಟಾಟಾ ಮೋಟಾರ್ಸ್ ಕೊಯಮತ್ತೂರಿನ ಜಯೇಮ್ ಆಟೋಮೋಟಿವ್ಸ್ ಜೊತೆಗೂಡಿ 2018ರಲ್ಲಿ ಟಿಯಾಗೋ ಜೆಟಿಪಿಯನ್ನು ಹೊರತಂದಿತು. 1.2 ಲೀಟರ್ ಟರ್ಬೋ ಎಂಜಿನ್ನಿನ ಈ ಕಾರಿನ ಆರಂಭಿಕ ಬೆಲೆ 6.39 ಲಕ್ಷ ರೂಪಾಯಿ. 2020ರಲ್ಲಿ ಬಿಎಸ್-6 ಹೊಗೆ ಮಾನದಂಡ ಜಾರಿಗೆ ಬಂದ ವೇಳೆಗೆ ಇದೂ ಬಲೆನೋ ಆರ್‌ಎಸ್ ಕೂಡ ಮಾರುಕಟ್ಟೆಯಿಂದ ಮರೆಯಾದವು. ಪೋಲೋ 2022ರವರೆಗೆ ಉಳಿಯಿತು.

ನಂತರ ಬಂದವುಗಳಲ್ಲಿ ಹ್ಯುಂಡೈ ಐ20 ಎನ್ ಲೈನ್ (2021) ಮತ್ತು ಟಾಟಾ ಆಲ್ಟ್ರೋಜ್ ರೇಸರ್ (2024) ಎರಡೂ 120 ಅಶ್ವಶಕ್ತಿಯವು. ಎನ್ ಲೈನ್‌ನ ಎಂಜಿನ್ ಸಾಮಾನ್ಯ ಐ20 ಟರ್ಬೋದ್ದೇ. ಸಸ್ಪೆನ್ಷನ್, ಸ್ಟಿಯರಿಂಗ್ ಮತ್ತು ಎಕ್ಸಾಸ್ಟ್ ಧ್ವನಿಯಲ್ಲಿ ವ್ಯತ್ಯಾಸವಿದೆ. ಯುರೋಪಿನಲ್ಲಿ ಮಾರಾಟವಾದ 204 ಅಶ್ವಶಕ್ತಿಯ ಐ20 ಎನ್ ಇದಕ್ಕಿಂತ ಬೇರೆಯೇ ಕಾರು. ಹೆಸರಿನ ಸಾಮ್ಯದಿಂದ ಇವೆರಡನ್ನು ಒಂದೆಂದು ಭಾವಿಸುವವರಿದ್ದಾರೆ.

ಆಮದು ಕಾರುಗಳು

ಪೂರ್ಣವಾಗಿ ಆಮದಾದ ಕಾರುಗಳಿಗೆ ಸೀಮಾ ಸುಂಕವೂ ಸೇರುವುದರಿಂದ ‘ಕೈಗೆಟುಕುವ’ ಎಂಬ ವಿಶೇಷಣ ಅವಕ್ಕೆ ಹೊಂದುವುದಿಲ್ಲ. 2016ರಲ್ಲಿ ಬಂದ 192 ಅಶ್ವಶಕ್ತಿಯ ಮೂರು ಬಾಗಿಲಿನ ಪೋಲೋ ಜಿಟಿಐ ಬೆಲೆ 25 ಲಕ್ಷ ರೂಪಾಯಿ ಮೀರಿತ್ತು. 2025ರಲ್ಲಿ ಭಾರತಕ್ಕೆ ಬಂದ ಗಾಲ್ಫ್ ಜಿಟಿಐ ಬೆಲೆ ಸುಮಾರು 53 ಲಕ್ಷ ರೂಪಾಯಿ. ಅದೇ ವರ್ಷದ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿಯಿತು, ದೊಡ್ಡ ಕಾರುಗಳಿಗೆ ಶೇ. 40 ನಿಗದಿಯಾಯಿತು. 1,200 ಸಿ.ಸಿ. ಮಿತಿ ಹಾಗೆಯೇ ಉಳಿದಿದೆ.