ಬಾಯಿ ಹೇಳದ್ದನ್ನು ಗೆರೆ ಹೇಳೀತು

ಶಾಲೆಯ ಹೊತ್ತಿಗೆ ಸರಿಯಾಗಿ ಮಗುವಿಗೆ ಹೊಟ್ಟೆನೋವು. ರಜೆಯ ದಿನ ಇಲ್ಲ. ಪರೀಕ್ಷಿಸಿದರೆ ದೋಷವೇನೂ ಕಾಣದು. ‘ಏನಾಯ್ತು?’ ಎಂದರೆ ‘ಏನಿಲ್ಲ’ ಎಂಬ ಉತ್ತರ. ಭಯ, ದುಃಖ, ಸಿಟ್ಟುಗಳಿಗೆ ಮಾತು ಸಿಗದಿರುವುದು ಮಕ್ಕಳಲ್ಲಷ್ಟೇ ಅಲ್ಲ, ದೊಡ್ಡವರಲ್ಲೂ ಉಂಟು. ಇಂಥಲ್ಲಿ ಒಂದು ಹಾಳೆ, ನಾಲ್ಕು ಬಣ್ಣದ ಪೆನ್ಸಿಲ್ ನೆರವಾಗಬಲ್ಲವು.

ಕ್ಷಯರೋಗದಿಂದ ಸ್ಯಾನಟೋರಿಯಂ ಸೇರಿದ್ದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್, ಚಿತ್ರ ಬರೆಯುವುದರಿಂದ ತಮಗೂ ಇತರ ರೋಗಿಗಳಿಗೂ ಸಮಾಧಾನ ಸಿಗುವುದನ್ನು ಕಂಡು 1942ರಲ್ಲಿ ಇದಕ್ಕೆ ‘ಆರ್ಟ್ ಥೆರಪಿ’ ಎಂದು ಹೆಸರಿಟ್ಟರು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ 39 ವಯಸ್ಕರು 45 ನಿಮಿಷ ಬಣ್ಣ, ಜೇಡಿಮಣ್ಣುಗಳಲ್ಲಿ ತೊಡಗಿದ ಬಳಿಕ, ಸುಮಾರು ಮುಕ್ಕಾಲು ಪಾಲು ಮಂದಿಯಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿದಿತ್ತು. ಕಲೆಯ ಅನುಭವ ಇಲ್ಲದವರಿಗೂ ಪ್ರಯೋಜನವಾಗಿತ್ತು.

ಕ್ರಮ ಸುಲಭ. ಮನುಷ್ಯನ ಮೈಯ ಹೊರಗೆರೆ ಎಳೆಯಿರಿ. ಅಂಜಿಕೆ, ಸಿಟ್ಟು ಎಲ್ಲಿ ಅನ್ನಿಸುತ್ತದೋ—ಎದೆ, ಹೊಟ್ಟೆ, ಗಂಟಲು—ಅಲ್ಲಿ ತೋಚಿದ ಬಣ್ಣ ತುಂಬಿರಿ. ಕೆಳಗೆ ಒಂದು ಸಾಲು ಬರೆಯಿರಿ. ಹತ್ತು ನಿಮಿಷ ಸಾಕು.

ಮಗುವಿನ ಚಿತ್ರಕ್ಕೆ ಅಂಕ ಕೊಡಬೇಡಿ. ಕಪ್ಪು ಬಳಿದರೆ ರೋಗವೆಂದು ಗಾಬರಿಯೂ ಬೇಡ. ಅರ್ಥ ಬರೆದವರಿಗೇ ಗೊತ್ತು. ‘ಇದೇನು, ಹೇಳ್ತೀಯಾ ಪುಟ್ಟಾ?’ ಎಂದು ಕೇಳಿ, ಸುಮ್ಮನೆ ಆಲಿಸಿ. ಶಾಲೆಯಲ್ಲಿ ಯಾರ ಭಯ, ಯಾವ ಪಾಠದ ಭಯ ಎಂಬುದು ಆಗ ಹೊರಬಂದೀತು.

ಆದರೆ ಚಿತ್ರ ಚಿಕಿತ್ಸೆಗೆ ಬದಲಿಯಲ್ಲ. ಎರಡು ವಾರವಾದರೂ ಬೇಸರ, ನಿದ್ರಾಹೀನತೆ ಬಿಡದಿದ್ದರೆ ವೈದ್ಯರನ್ನು ಕಾಣಿರಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಟೆಲಿ ಮಾನಸ್‌ನ ಉಚಿತ ದೂರವಾಣಿ 14416 ಹಗಲೂ ರಾತ್ರಿ ಲಭ್ಯ.