ಕೊನೆಯಿಲ್ಲದ ಹೊಳೆ

ಕಲಾವಿದನೊಬ್ಬ ತೀರಿಕೊಂಡಾಗ, ಅವನ ಕೈಯಲ್ಲಿ ಅರ್ಧಕ್ಕೆ ನಿಂತ ಕೆಲಸವನ್ನು ಉಳಿದವರು ಏನು ಮಾಡಬೇಕು? ಜೋರಾಪುರ ಪೇಟೆಯ ನಿವಾಸಿಯಾದ ನನಗೆ ಈ ಪ್ರಶ್ನೆ ದೂರದ್ದಲ್ಲ. 1672ರಲ್ಲಿ ಎರಡನೆಯ ಅಲಿ ಆದಿಲಶಾಹ ತೀರಿಕೊಂಡ. ಅವನ ಗೋರಿಗಾಗಿ ಎದ್ದ ನಮ್ಮೂರಿನ ಬಾರಾ ಕಮಾನು ಛಾವಣಿಯನ್ನೇ ಕಾಣದೆ ಬರಿಯ ಕಮಾನುಗಳಾಗಿ ಉಳಿಯಿತು. ಇದು ಇದ್ದಂತೆಯೇ ಬಿಡುವ ದಾರಿ. ಇನ್ನೊಂದು, ಮುಂದುವರಿಸುವ ದಾರಿ. ಗದುಗಿನ ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತದ ಉಳಿದ ಭಾಗವನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿ ಬರೆದು ಪೂರೈಸಿದ. ಆದರೆ ಅಲ್ಲಿ ಮಾತು ತಿಮ್ಮಣ್ಣನದು, ಕುಮಾರವ್ಯಾಸನದಲ್ಲ.

ಧ್ವನಿಮುದ್ರಣದ ಯುಗ ಮೂರನೆಯ ದಾರಿಯೊಂದನ್ನು ತೆರೆದಿದೆ. ಅಗಲಿದವನ ನುಡಿಸುವಿಕೆಯನ್ನೇ ಇಟ್ಟುಕೊಂಡು, ಬದುಕಿರುವವರು ಅದರೊಡನೆ ನುಡಿಸಬಹುದು. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ವಾದ್ಯವೃಂದದ ಕಡೆಯ ಧ್ವನಿಮುದ್ರಿಕೆ, ‘ದಿ ಎಂಡ್‌ಲೆಸ್ ರಿವರ್’, ಹೀಗೆ ಹುಟ್ಟಿದ್ದು.

1965ರಲ್ಲಿ ಲಂಡನ್ನಿನಲ್ಲಿ ಕೂಡಿದ ಈ ಮೇಳದಲ್ಲಿ ಕೀಲಿಮಣೆಯ ವಾದ್ಯಗಳನ್ನು ನುಡಿಸುತ್ತಿದ್ದವರು ರಿಚರ್ಡ್ ರೈಟ್. ಗಾಯನವನ್ನು ಕೇಳಿ ಬಂದವರು ತಂಬೂರಿಯನ್ನು ಹೊಗಳುವುದಿಲ್ಲ; ಅದು ನಿಂತಾಗಲೇ ಅದರ ಬೆಲೆ ತಿಳಿಯುವುದು. ಈ ಮೇಳದಲ್ಲಿ ರೈಟ್ ಅವರ ಸ್ಥಾನ ಹೆಚ್ಚುಕಡಿಮೆ ಅಂಥದು. 1979ರಲ್ಲಿ, ‘ದಿ ವಾಲ್’ ಸಿದ್ಧವಾಗುತ್ತಿದ್ದಾಗ, ಅವರನ್ನು ಮೇಳದಿಂದ ಹೊರಗೆ ಹಾಕಲಾಯಿತು. ಆಮೇಲಿನ ಕಛೇರಿಗಳಲ್ಲಿ ಅವರು ನುಡಿಸಿದ್ದು ಸಂಬಳದ ವಾದಕರಾಗಿ. 1985ರಲ್ಲಿ ರೋಜರ್ ವಾಟರ್ಸ್ ಮೇಳವನ್ನು ತೊರೆದರು. 1994ರ ‘ದಿ ಡಿವಿಜನ್ ಬೆಲ್’ ಹೊತ್ತಿಗೆ ರೈಟ್, ಗಿಟಾರಿನ ಡೇವಿಡ್ ಗಿಲ್ಮೋರ್, ಡ್ರಮ್ಮಿನ ನಿಕ್ ಮೇಸನ್ ಮೂವರೂ ಮತ್ತೆ ಒಂದಾದರು. ಆಗ ಅವರು ಗೊತ್ತುಗುರಿಯಿಲ್ಲದೆ ಕೂಡಿ ನುಡಿಸಿದ ಎಷ್ಟೋ ತುಣುಕುಗಳು ಬಳಕೆಯಾಗದೆ ಉಳಿದವು. 2008ರ ಸೆಪ್ಟೆಂಬರ್ 15ರಂದು ರೈಟ್ ತೀರಿಕೊಂಡರು.

ಬಳಿಕ ಗಿಲ್ಮೋರ್, ಮೇಸನ್ ಇಬ್ಬರೂ ಇಪ್ಪತ್ತು ಗಂಟೆಗೂ ಮೀರಿದ ಆ ಹಳೆಯ ಮುದ್ರಣವನ್ನು ಮತ್ತೆ ಕೇಳಿದರು. ಬೇಕಾದುದನ್ನು ಆರಿಸಿ, ರೈಟ್ ಅವರ ಕೈಯನ್ನು ಹಾಗೆಯೇ ಉಳಿಸಿಕೊಂಡು, ಅದರ ಸುತ್ತ ತಾವು ಹೊಸದಾಗಿ ನುಡಿಸಿದರು. 1969ರಲ್ಲಿ ರೈಟ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ದೊಡ್ಡ ಆರ್ಗನ್ನಿನ ಮೇಲೆ ನುಡಿಸಿದ್ದ ತುಣುಕೊಂದೂ ಇದರಲ್ಲಿ ಸೇರಿತು. ನಲವತ್ತೈದು ವರ್ಷಗಳ ಅಂತರದ ನಾದಗಳು ಒಂದೇ ಮೇಳದಲ್ಲಿ ಕೂಡಿದವು. 2014ರ ನವೆಂಬರಿನಲ್ಲಿ ನಾಲ್ಕು ಭಾಗಗಳ ಈ ಧ್ವನಿಮುದ್ರಿಕೆ ಹೊರಬಂತು.

ಇದು ಹಿಂದಿನ ಅಡುಗೆಯ ಮಿಕ್ಕ ಪದಾರ್ಥವೆಂದು ಹಳಿದವರಿದ್ದಾರೆ. ಆ ಮಾತನ್ನು ಪೂರಾ ತಳ್ಳಿಹಾಕಲಾರೆ. ಕೆಲವು ತುಣುಕುಗಳು ಮೊಳಕೆಯೊಡೆಯುವುದರೊಳಗೇ ಮುಗಿಯುತ್ತವೆ. ಬಿಸುಟಿದ್ದನ್ನು ಮರಳಿ ತೆಗೆಯಬೇಕಿತ್ತೇ ಎಂದು ರೈಟ್ ಅವರನ್ನು ಕೇಳುವಂತೆಯೂ ಇರಲಿಲ್ಲ. ಆದರೂ ಉಳಿದಿಬ್ಬರ ಸಂಯಮವನ್ನು ನಾನು ಮೆಚ್ಚುತ್ತೇನೆ. ಅಗಲಿದವನ ಬಾಯಿಗೆ ಅವರು ಹೊಸ ಮಾತನ್ನು ತುರುಕಲಿಲ್ಲ. ಸಾಹಿತ್ಯವುಳ್ಳ ಹಾಡು ಕೊನೆಯದೊಂದೇ. ಗಿಲ್ಮೋರರ ಪತ್ನಿ, ಲೇಖಕಿ ಪಾಲಿ ಸ್ಯಾಮ್ಸನ್ ಅದನ್ನು ಬರೆದರು. ಜಗಳವಾಡುತ್ತಲೇ ಬಾಳಿದ ಮೇಳಕ್ಕೆ ಮಾತಿಗಿಂತ ಕೂಡಿ ನುಡಿಸುವುದೇ ದೊಡ್ಡದೆಂಬುದು ಅದರ ಭಾವ. ಉಳಿದುದೆಲ್ಲ ಬಹುಮಟ್ಟಿಗೆ ಬರಿಯ ವಾದನ.

ಇದನ್ನು ಬರಿಯ ಸ್ಮಾರಕವೆಂದು ಕರೆಯಲು ನನಗೆ ಮನಸ್ಸಾಗದು. ಸ್ಮಾರಕದಲ್ಲಿ ಸತ್ತವರು ಮೌನವಾಗಿರುತ್ತಾರೆ. ಇಲ್ಲಿ ಒಮ್ಮೆ ಹೊರಗೆ ಹಾಕಿಸಿಕೊಂಡವನೇ ಮೊದಲು ನುಡಿಸುತ್ತಾನೆ. ಬದುಕಿರುವವರು ಅವನ ಶ್ರುತಿಗೆ ತಮ್ಮ ವಾದ್ಯವನ್ನು ಹೊಂದಿಸಿಕೊಳ್ಳುತ್ತಾರೆ. ಗೆಳೆಯನ ಋಣವನ್ನು ತೀರಿಸುವುದಕ್ಕೆ ಇದಕ್ಕಿಂತ ಹೆಚ್ಚು ವಿನಯದ ಬಗೆಯನ್ನು ನಾನು ಕಂಡಿಲ್ಲ.