ನೀಲಗಿರಿಯ ಮಿಷನರಿ, ಮಂಗಳೂರಿನ ಹುಲ್ಲು

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಂಗಳೂರಿನ ಆಸುಪಾಸಿನಲ್ಲೂ ನೀಲಗಿರಿಯಲ್ಲೂ ಕಿತ್ತು ಒಣಗಿಸಿದ ಸಸ್ಯಗಳು ಯೂರೋಪಿನ ಹಲವು ಹರ್ಬೇರಿಯಂಗಳಲ್ಲಿ, ಅಂದರೆ ಒಣಸಸ್ಯಗಳನ್ನು ಹಾಳೆಗೆ ಅಂಟಿಸಿ ಕುಲವಾರು ಜೋಡಿಸಿಡುವ ಸಂಗ್ರಹಾಲಯಗಳಲ್ಲಿ, ಇಂದಿಗೂ ಉಳಿದಿವೆ. ಅವುಗಳ ಅಚ್ಚಾದ ಚೀಟಿಗಳಲ್ಲಿ ಎದ್ದು ಕಾಣುವ ಹೆಸರು ಆರ್. ಎಫ್. ಹೋಹೆನಾಕರ್ ಅವರದು, ಆದರೆ ಅವರು ಭಾರತದ ನೆಲ ಮೆಟ್ಟಿದವರಲ್ಲ. ಇಲ್ಲಿ ಗಿಡ ಹುಡುಕಿ ಅಲೆದವರಲ್ಲಿ ಮುಖ್ಯರು ಬಾಸೆಲ್ ಮಿಷನ್ನಿನ ಯೋಹಾನ್ ಫ್ರೀಡ್ರಿಖ್ ಮೆಟ್ಸ್ ಎಂಬ ಮಿಷನರಿ.

1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ ಮುಂದಿನ ದಶಕದಲ್ಲಿ ನೀಲಗಿರಿಯ ಕೇತಿಗೂ ಕಾಲಿಟ್ಟಿತು. ಅಲ್ಲಿನ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರವಾದ್ದರಿಂದ ಕರಾವಳಿಯಲ್ಲಿ ಕಲಿತ ಕನ್ನಡ ಬೆಟ್ಟದಲ್ಲೂ ಕೆಲಸಕ್ಕೆ ಬಂದಿತು. ಮೆಟ್ಸ್ ಅವರು ಹಟ್ಟಿಯಿಂದ ಹಟ್ಟಿಗೆ ನಡೆಯುತ್ತ ಬಡಗರು, ತೋಡರು, ಕೋತರ ನಡುವೆ ವರ್ಷಗಟ್ಟಲೆ ತಿರುಗಿದವರು, ಮತ್ತು ಸಸ್ಯಸಂಗ್ರಹಕ್ಕೆ ಇಂಥ ತಿರುಗಾಟಕ್ಕಿಂತ ಒಳ್ಳೆಯ ಅವಕಾಶ ಬೇರೆ ಇರಲಾರದು.

ಕೆಲಸವೇನೋ ಸುಲಭದ್ದಲ್ಲ. ಹುಲ್ಲಾದರೆ ಬೇರುಸಹಿತ ಕೀಳಬೇಕು, ಹೂವೋ ಕಾಯಿಯೋ ಇಲ್ಲದಿದ್ದರೆ ಗುರುತು ಸಿಗದು, ಕಿತ್ತದ್ದನ್ನು ಬಾಡುವ ಮೊದಲೇ ನೀರು ಹೀರುವ ಕಾಗದಗಳ ನಡುವೆ ಹರವಿ ಭಾರ ಹೇರಬೇಕು, ತೇವಗೊಂಡ ಕಾಗದವನ್ನು ಮತ್ತೆ ಮತ್ತೆ ಬದಲಿಸಬೇಕು. ಕರಾವಳಿಯ ಮುರಕಲ್ಲಿನ ಬಯಲಲ್ಲಿ ಅನೇಕ ಹುಲ್ಲುಗಳು ತೆನೆ ಬಿಡುವುದು ಮಳೆಗಾಲದ ಕೊನೆಯಲ್ಲಿ. ಆಗಿನ ಗಾಳಿಯಲ್ಲಿ ಕಾಗದವೇ ಒಣಗುವುದಿಲ್ಲ, ಒಂದೆರಡು ದಿನ ಉದಾಸೀನ ಮಾಡಿದರೆ ಕಟ್ಟಿಗೆಲ್ಲ ಬೂಷ್ಟು ಹಿಡಿಯುತ್ತದೆ. ಸಾಲದ್ದಕ್ಕೆ ಮಾರಾಟಕ್ಕೆಂದು ಸಂಗ್ರಹಿಸುವವರು ಒಂದೇ ಸಸ್ಯದ ಹಲವು ಪ್ರತಿಗಳನ್ನು ಒದಗಿಸಬೇಕಿತ್ತು. ಹೀಗೆ ಒಂದೇ ಕ್ರಮಸಂಖ್ಯೆಯಡಿ ಹಂಚುವ ಒಣಸಸ್ಯಗಳ ಕಟ್ಟುಗಳಿಗೆ ಎಕ್ಸಿಕೇಟಾ ಎಂದು ಹೆಸರು.

ಹೋಹೆನಾಕರ್ ಅವರ ವ್ಯವಹಾರ ನಡೆಯುತ್ತಿದ್ದುದು ಈ ಕಟ್ಟುಗಳಲ್ಲಿಯೇ. 1798ರಲ್ಲಿ ಜ್ಯೂರಿಕ್‌ನಲ್ಲಿ ಹುಟ್ಟಿ, ಕಾಕಸಸ್‌ನ ಜರ್ಮನ್ ವಸಾಹತಿನಲ್ಲಿ ವೈದ್ಯ ಮಿಷನರಿಯಾಗಿದ್ದು, ಅಲ್ಲಿಯೂ ಸಸ್ಯ ಸಂಗ್ರಹಿಸಿ ಜರ್ಮನಿಗೆ ಮರಳಿದ ಅವರು, ದೂರದ ದೇಶಗಳಿಂದ ಬಂದ ಕಟ್ಟುಗಳನ್ನು ವಿಂಗಡಿಸಿ, ಚೀಟಿ ಅಚ್ಚು ಹಾಕಿಸಿ, ವಿದ್ವಾಂಸರಿಗೂ ಸಂಗ್ರಹಾಲಯಗಳಿಗೂ ಮಾರುತ್ತಿದ್ದರು. ಕೆನರಾ ಸೀಮೆಯ ಸಸ್ಯಗಳ ಚೀಟಿಗಳು 1849ರವು, ನೀಲಗಿರಿಯವು 1851ರವು. ಪ್ರಕಾಶಕರ ಹೆಸರೇ ಸಂಗ್ರಾಹಕರದೆಂದು ಮುಂದಿನವರು ಓದಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಹೋಹೆನಾಕರ್ ಅವರ ವಂಚನೆಯೂ ಅದರಲ್ಲಿಲ್ಲ. ಅವರಿಲ್ಲದಿದ್ದರೆ ಕೇತಿಯಿಂದ ಹೊರಟ ಕಟ್ಟು ಸಸ್ಯವಿಜ್ಞಾನಿಯ ಮೇಜನ್ನು ಮುಟ್ಟುವುದೇ ಅನುಮಾನವಿತ್ತು.

ಅದು ಮುಟ್ಟಿದ ಮೇಜುಗಳಲ್ಲಿ ಡಚ್ ಸಸ್ಯವಿಜ್ಞಾನಿ ಮಿಕೆಲ್ ಅವರದೂ ಒಂದು. ಭಾರತದ ಸಸ್ಯಗಳನ್ನು ಕುರಿತು ಅವರು 1850ರಿಂದ 1852ರವರೆಗೆ ಪ್ರಕಟಿಸಿದ ಬರಹಗಳಿಗೆ ಈ ಕಟ್ಟುಗಳ ಆಧಾರವಿದೆ. ಹುಲ್ಲುಗಳಿಗೆ ಹೆಸರಿಟ್ಟವರಲ್ಲಿ ಜರ್ಮನಿಯ ಹೋಖ್‌ಸ್ಟೆಟರ್ ಕೂಡ ಇದ್ದರು. ಡಿಮೇರಿಯಾ ಹೋಹೆನಾಕೆರಿ ವ್ಯಾಪಾರಿಯನ್ನು ನೆನೆದರೆ, ಪಶ್ಚಿಮ ಘಟ್ಟದ ಅರುಂಡಿನೆಲ್ಲಾ ಮೆಟ್ಜಿಯೈ ಸಂಗ್ರಾಹಕರನ್ನು ನೆನೆಯುತ್ತದೆ. ಒಂದು ಪ್ರಭೇದಕ್ಕೆ ಮೊದಲು ಹೆಸರಿಡುವಾಗ ಆಧಾರವಾದ ಹಾಳೆಯನ್ನು ಮೂಲಮಾದರಿ ಎನ್ನುತ್ತಾರೆ. ಹೆಸರಿನ ಬಗ್ಗೆ ತಕರಾರು ಬಂದಾಗಲೆಲ್ಲ ಸಂಶೋಧಕರು ಈ ಹಳೆಯ ಹಾಳೆಗಳನ್ನೇ ತೆರೆಯಬೇಕಾಗುತ್ತದೆ. ಒಂದು ಕಡೆಯದು ನಾಶವಾದರೂ ಇನ್ನೊಂದು ಕಡೆ ಅದರ ಜೊತೆಪ್ರತಿ ಸಿಗುವುದು ಎಕ್ಸಿಕೇಟಾದ ದೊಡ್ಡ ಉಪಕಾರ.

ಚೀಟಿಗಳಲ್ಲಿ ಹೆಸರು ಮರೆಯಾದ ಮೆಟ್ಸ್ ಅವರಿಗೆ ಪುಸ್ತಕದ ವಿಷಯದಲ್ಲೂ ಅದೇ ಗತಿಯಾಯಿತು. ನೀಲಗಿರಿಯ ಬುಡಕಟ್ಟುಗಳ ಆಚಾರವಿಚಾರಗಳನ್ನು ಕುರಿತ ಅವರ ಕೃತಿ 1856ರಲ್ಲಿ ಮದ್ರಾಸಿನಲ್ಲಿ ಅಚ್ಚಾದಾಗ ಜರ್ಮನ್ ಮಿಷನರಿಯೊಬ್ಬರ ಟಿಪ್ಪಣಿಗಳೆಂದಷ್ಟೇ ಹೇಳಿಕೊಂಡಿತ್ತು. ವಿಸ್ತರಿಸಿದ ಎರಡನೆಯ ಮುದ್ರಣ 1864ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದಿತು.